ಶಿದ್ಲಿಂಗಪ್ಪ ಮಾಸ್ತರರ ಏಳನೆಯ ಅಧ್ಯಾಯ

ಸಭೆಯ ಅಧ್ಯಕ್ಷರಾದ ಇನಾಮದಾರ ರಾವಸಾಹೇಬರೇ, ಅವರ ಎಡಬಲಕ್ಕೆ ಕುಳಿತ ಊರ ಹಿರಿಯರೇ, ಮುಂದಿನ ಚಾಪೆಯ ಮೇಲೆ ಕುಳಿತಿರುವ ಕಾಶೆವ್ವ ಅಕ್ಕನವರೇ, ಅವರ ಮನೆಯವರೇ, ಹುಕ್ಕೇರಿಯಿಂದ, ಮೂಡಲಗಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದ ಬಂಧುಗಳೇ — ಎಲ್ಲರಿಗೂ ಶರಣು.

ನಾನು ಪರಪ್ಪ. ಗೋಕಾಕದ ಕನ್ನಡ ಶಾಲೆಯಲ್ಲಿ ಶಿದ್ಲಿಂಗಪ್ಪ ಮಾಸ್ತರರ ಬಾಜೂ ಕೋಣೆಯಲ್ಲಿ ಇಪ್ಪತ್ತಮೂರು ವರ್ಷ ಪಾಠ ಹೇಳಿದವನು. ಅವರು ಲಿಂಗೈಕ್ಯರಾಗಿ ಇಂದಿಗೆ ಹನ್ನೊಂದು ದಿನ. ಹನ್ನೊಂದು ದಿನದಲ್ಲಿ ಈ ಊರು ಅವರನ್ನು ಹೊಗಳಿದಷ್ಟು, ಅವರು ಬದುಕಿದ್ದ ಐವತ್ತನಾಲ್ಕು ವರ್ಷದಲ್ಲಿ ಹೊಗಳಲಿಲ್ಲ.

ನನಗಿಂತ ಮೊದಲು ಮೂವರು ಮಾತಾಡಿದರು. ಒಬ್ಬರು ಅವರನ್ನು ಇತಿಹಾಸದ ಸೂರ್ಯ ಎಂದರು. ಇನ್ನೊಬ್ಬರು ಘಟಪ್ರಭೆಯ ಮುತ್ತು ಎಂದರು. ಮೂರನೆಯವರು ವಕೀಲರು, ಅವರಿಗೆ ಚಿಕ್ಕದು ಹಿಡಿಸುವುದಿಲ್ಲ, ಹಿಮಾಲಯ ಎಂದರು. ಸಂತೋಷ. ಈ ಸೂರ್ಯನ ಅಂಗಿಯ ಮೊಣಕೈ ಹರಿದಿತ್ತು — ನೋಡಿದ್ದಿರೇನು? ಈ ಹಿಮಾಲಯ ಹೆಗಲಿಗೆ ಚೀಲ, ಕಂಕುಳಲ್ಲಿ ಕಾಗದದ ಸುರುಳಿ ಹಿಡಿದು ಪೇಟೆಯಲ್ಲಿ ಹೋಗುವಾಗ, 'ಕಲ್ಲು ಮಾಸ್ತರ ಹೊಂಟಾನ ನೋಡ್ರಿ, ಯಾವುದೋ ಕಲ್ಲಿಗೆ ಸಂಬಂಧ ಹಚ್ಚಾಕ' ಎಂದು ನಕ್ಕವರು ಯಾರು? ಹೆಸರು ಹೇಳುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ತಾವಾಗಿಯೇ ಸಿಗುತ್ತಾರೆ. ಅಗೋ, ರಾಚಪ್ಪನವರು ಶಲ್ಯ ಸರಿಮಾಡಿಕೊಂಡರು.

ಅಧ್ಯಕ್ಷರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನಾನು ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವವನಿದ್ದೇನೆ. ಕ್ಷಮೆ ಈಗಲೇ ಕೇಳಿಬಿಡುತ್ತೇನೆ, ಆಮೇಲೆ ಕೇಳುವ ಮನಸ್ಸು ಇರಲಿಕ್ಕಿಲ್ಲ.

ಮಾಸ್ತರರು ಮಾಡಿದ್ದೇನು? ತಿಳಿಯದವರಿಗೆ ಹೇಳುತ್ತೇನೆ — ತಿಳಿಯದವರೇ ಇಲ್ಲಿ ಹೆಚ್ಚು. ಐತವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹೊರಡುವರು. ಘಟಪ್ರಭೆಯ ದಂಡೆ, ಹಿರಣ್ಯಕೇಶಿಯ ದಂಡೆ, ಯಾವ ಹಳ್ಳಿಯಲ್ಲಿ ಅಕ್ಷರ ಕೆತ್ತಿದ ಕಲ್ಲು ಇದೆಯೆಂದು ಕೇಳಿದರೋ ಅಲ್ಲಿಗೆ. ಕಲ್ಲು ತೊಳೆಯುವರು. ಒದ್ದೆ ಕಾಗದ ಹಾಸಿ, ಕುಂಚದಿಂದ — ಹೀಗೆ, ಹೀಗೆ — ಕುಟ್ಟಿ ಕುಟ್ಟಿ ಅಕ್ಷರದ ತಗ್ಗಿನೊಳಗೆ ಕಾಗದ ಇಳಿಸುವರು. ಮೇಲೆ ಮಸಿ ಒತ್ತುವರು. ಕಲ್ಲಿನ ಮಾತು ಕಾಗದಕ್ಕೆ ಬರುತ್ತಿತ್ತು. ನಾವೆಲ್ಲ ಐತವಾರ ಮಧ್ಯಾಹ್ನ ಉಂಡು ಮಲಗುತ್ತಿದ್ದೆವು.

ಯಮಕನಮರಡಿಯ ಕಡೆ ಒಮ್ಮೆ ನಾನೂ ಜೊತೆಗಿದ್ದೆ. ಗುಡಿಯ ಮುಂದೆ ಒಂದು ಕಲ್ಲು, ವರ್ಷಾ ವರ್ಷಾ ಸುಣ್ಣ ಬಳಿದು ಬಳಿದು ಬೆರಳು ದಪ್ಪ ಪದರಾಗಿತ್ತು. ಮಾಸ್ತರರು ಕೆರೆಯಲು ಕುಳಿತರು. ಲಕ್ಕವ್ವ ಎಂಬ ಒಬ್ಬ ಮುದುಕಿ ಕಸಬರಿಗೆ ಹಿಡಿದೇ ಬಂದಳು.

'ಏ ಮಾಸ್ತರಾ, ನಮ್ಮ ದೇವರ ಮೈ ಯಾಕ ಸುಲಿತೀಯೋ?'

'ಯವ್ವಾ, ಇದು ದೇವರಲ್ಲ. ಇದರಾಗ ನಿಮ್ಮೂರ ಸುದ್ದಿ ಬರದೈತಿ.'

'ನಮ್ಮೂರ ಸುದ್ದಿ ನಂಗ ಗೊತ್ತಿಲ್ಲದ್ದು ಏನೈತಿ? ಮೊದಲ ತೊಳದ ಕೊಡು. ಆಮ್ಯಾಲ ಓದು.'

ಮಾಸ್ತರರು ಕೊಡ ಹೊತ್ತು ನೀರು ತಂದು ಕಲ್ಲು ತೊಳೆದರು. ಒಂದು ತಾಸಿನ ಮೇಲೆ ಅದೇ ಲಕ್ಕವ್ವ ಕಾಗದದ ತುದಿ ಹಿಡಿದು ಕುಳಿತಿದ್ದಳು, ಗಾಳಿಗೆ ಹಾರಬಾರದೆಂದು. ಈ ತಾಲೂಕಿನ ಇತಿಹಾಸಕ್ಕೆ ದೊಡ್ಡ ಮನೆಗಳು ಮಾಡಿದ ಸಹಾಯ ಕೇಳಿದ್ದೇವೆ, ಈಗ ತಾನೇ ವಕೀಲರು ಎಣಿಸಿ ಹೇಳಿದರು. ನಾನು ಕಣ್ಣಾರೆ ಕಂಡ ಸಹಾಯ ಇದೊಂದೇ.

ಇನ್ನು ಅರಸರು. ವಕೀಲರು ಬಹಳ ಭಕ್ತಿಯಿಂದ ಅರಸರ ಹೆಸರು ಹೇಳಿದರು. ನಮ್ಮ ಮಾಸ್ತರರಿಗೆ ಆ ಭಕ್ತಿ ಇರಲಿಲ್ಲ. ಅರಸರ ಪಾಠ ಅವರು ಹೇಗೆ ಹೇಳುತ್ತಿದ್ದರು ಗೊತ್ತೇ? ಗೋಡೆಯ ಆಚೆ ಕುಳಿತು ನಾನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದೇನೆ. ಬನವಾಸಿಯಿಂದ ಕದಂಬರು ಬಂದರು, ಕಂದಾಯ ಎತ್ತಿದರು, ಹೋದರು. ಬಾದಾಮಿಯ ಚಾಲುಕ್ಯರು ಬಂದರು, ಎತ್ತಿದರು, ಹೋದರು. ರಾಷ್ಟ್ರಕೂಟರು ಬಂದರು. ಕಲ್ಯಾಣದ ಚಾಲುಕ್ಯರು ಬಂದರು. ಅವರ ಕೈಕೆಳಗೆ ಸವದತ್ತಿಯ ರಟ್ಟರು ನಮ್ಮ ಈ ನಾಡನ್ನು, ಆಗ ಇದಕ್ಕೆ ಕೂಂಡಿ ಮೂರು ಸಾವಿರ ಎಂದು ಹೆಸರು, ಆಳಿದರು. ಆಚೆ ಕೊಲ್ಹಾಪುರದ ಶಿಲಾಹಾರರು, ಈಚೆ ಗೋವೆಯ ಕದಂಬರು, ಮೂವರೂ ಒಬ್ಬರ ದನ ಒಬ್ಬರು ಹೊಡೆದುಕೊಂಡು ಹೋಗಿ ಅದಕ್ಕೆ ದಿಗ್ವಿಜಯ ಎಂದು ಕಲ್ಲಿನಲ್ಲಿ ಕೊರೆಸಿದರು. ದೇವಗಿರಿಯ ಯಾದವರು ಬಂದು ರಟ್ಟರನ್ನು ಒರೆಸಿದರು. ಯಾದವರನ್ನು ದಿಲ್ಲಿಯವರು ಒರೆಸಿದರು. ಬಹಮನಿ, ವಿಜಾಪುರದ ಆದಿಲಶಾಹಿ, ಹುಕ್ಕೇರಿಯಲ್ಲಿ ಗುಮ್ಮಟ ಕಟ್ಟಿ ಅದರೊಳಗೆ ಮಲಗಿದರು. ಮರಾಠರು, ಸವಣೂರಿನ ನವಾಬರು, ಪೇಶ್ವೆಯವರು. ಕೊನೆಗೆ ಕಂಪನಿಯ ಹೆಸರಿನಲ್ಲಿ ಬಂದ ಇಂಗ್ಲಿಷರು, ಇವರು ಮಾತ್ರ ಇನ್ನೂ ಹೋಗಿಲ್ಲ. ಹೋಗುತ್ತಾರೆ.

ಬಿರುದುಗಳನ್ನು ನೋಡಬೇಕು! ಹತ್ತು ಹಳ್ಳಿ ಆಳಿದವನೂ ಮಹಾಮಂಡಳೇಶ್ವರ. ರಟ್ಟರು ತಮ್ಮನ್ನು 'ಲತ್ತಲೂರು ಪುರವರಾಧೀಶ್ವರ' ಎಂದು ಕರೆಸಿಕೊಂಡರು. ಲತ್ತಲೂರು ರಾಷ್ಟ್ರಕೂಟರ ಮೂಲ ಊರು, ಇವರ ಕೈಯಲ್ಲಿ ಇರಲಿಲ್ಲ. ಆ ಊರಿನ ಮಣ್ಣನ್ನು ಅವರ ಮುತ್ತಜ್ಜನೂ ತುಳಿದಿದ್ದನೋ ಇಲ್ಲವೋ. ಆದರೆ ಹಿಂದೆ ರಾಷ್ಟ್ರಕೂಟರು ದೊಡ್ಡವರಾಗಿದ್ದರಲ್ಲ, ನಾವೂ ಆ ಕುಲದವರೇ ಎಂದು ಹೇಳಿಕೊಳ್ಳಬೇಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಮಾಸ್ತರರು ನನಗೆ ಹೇಳುತ್ತಿದ್ದರು — 'ಪರಪ್ಪ, ಕುಲ ಹೇಳಿಸಿಕೊಳ್ಳೋ ಚಟ ಇವತ್ತಿಂದಲ್ಲೋ. ಸಾವಿರ ವರ್ಷದ ರೋಗ ಇದು. ಔಷಧ ಇಲ್ಲ.'

ಅವರಿಗೆ ಅರಸರ ಸಾಲುಗಳು ಬೇಕಾಗಿರಲಿಲ್ಲ. ಶಾಸನದ ಕೆಳಗಿನ ತುದಿ ಬೇಕಾಗಿತ್ತು. ಅಲ್ಲಿ ಗಾಣಿಗರು ಗುಡಿಯ ದೀಪಕ್ಕೆ ಗಾಣಕ್ಕಿಷ್ಟು ಎಣ್ಣೆ ಕೊಟ್ಟ ಮಾತು ಬರುತ್ತದೆ. ಹೂವಾಡಿಗನಿಗೆ ಬಿಟ್ಟ ತೋಟ, ಹೊಲದ ಮೂಡಣ ಮೇರೆ, ಪಡುವಣ ಮೇರೆ ಬರುತ್ತವೆ. 'ಪರಪ್ಪ, ಅರಸ ಸುಳ್ಳು ಹೇಳ್ತಾನ, ಹೊಲದ ಮ್ಯಾರಿ ಸುಳ್ಳು ಹೇಳೂದಿಲ್ಲ' ಎನ್ನುತ್ತಿದ್ದರು. ಹದಿನಾರು ವರ್ಷ ಕುಳಿತು ಈ ಹೊಳೆಸಾಲಿನ ಇತಿಹಾಸವನ್ನು ಒಂಬತ್ತು ಅಧ್ಯಾಯದಲ್ಲಿ ಬರೆದರು. ಅಚ್ಚಿಗೆ ಕೊಡುವ ಪ್ರತಿ ನನ್ನ ಅಕ್ಷರದಲ್ಲಿದೆ, ಅವರ ಅಕ್ಷರ ಇರುವೆ ಸಾಲು, ಅಚ್ಚಿನವರಿಗೆ ಓದಲಿಕ್ಕೆ ಬರುತ್ತಿರಲಿಲ್ಲ.

ಬರೆಯುತ್ತಾರೆಂದು ಗೊತ್ತಾದದ್ದೇ ತಡ, ನಮ್ಮ ಊರ ದೊಡ್ಡ ಮನೆಗಳವರು ಅವರ ಮನೆಗೆ ಸಾಲುಗಟ್ಟಿದರು. ಯಾಕೆ? ಕಾಗದ ಕೊಡಲಿಕ್ಕೋ? ಮಸಿ ಕೊಡಲಿಕ್ಕೋ? ಅಲ್ಲ. ಅರಸ ಕೇಳಲಿಕ್ಕೆ! 'ಮಾಸ್ತರ್ರ, ನಮ್ಮ ಮನೆತನ ಚಾಲುಕ್ಯರ ಪೈಕಿ ಅಂತಾರ, ಸ್ವಲ್ಪ ನೋಡ್ರಿ.' 'ನಮ್ಮ ಅಜ್ಜಗ ಪಟ್ಟದ ಕತ್ತಿ ಇತ್ತಂತ, ಅದನ್ನ ಎಲ್ಲಾದರೂ ಹಾಕ್ರಿ.' ಅರಳೆ ತೂಗುವ ಒಬ್ಬರು, ಅವರು ಈಗ ಮತ್ತೆ ಶಲ್ಯ ಸರಿಮಾಡಿಕೊಳ್ಳುತ್ತಿದ್ದಾರೆ, ತಮಗೆ ಶಿಲಾಹಾರರು ಬೇಡ, ರಾಷ್ಟ್ರಕೂಟರೇ ಬೇಕು ಎಂದು ಹಟ ಹಿಡಿದರು. ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ. ಬಸವಣ್ಣನ ಹೆಸರು ಹೇಳಿ ಕುಲ ಯಾವುದಯ್ಯಾ ಎನ್ನುವ ನಾವು — ನಾನೂ ಸೇರಿ ಹೇಳುತ್ತೇನೆ — ಅಜ್ಜನಿಗೊಂದು ಕಿರೀಟ ಸಿಗುವುದಾದರೆ ಕೊರಳಲ್ಲಿದ್ದ ಲಿಂಗವನ್ನೂ ಮರೆತೇವು. ಮಾಸ್ತರರು ಎಲ್ಲರಿಗೂ ಚಹಾ ಕೊಟ್ಟು ಬರಿಗೈಯಲ್ಲಿ ಕಳಿಸಿದರು.

ಒಬ್ಬರನ್ನು ಬಿಟ್ಟು.

ಅದನ್ನು ಹೇಳಲಿಕ್ಕೇ ನಾನು ಎದ್ದು ನಿಂತಿದ್ದೇನೆ. ಮಾಸ್ತರರು ದೇವರಲ್ಲ. ಅವರಿಗೆ ಒಂದು ದುರ್ಗುಣ ಇತ್ತು. ಉಂಡ ಮನೆಯ ಜಂತಿ ಎಣಿಸಬಾರದು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅವರು ಆ ಮಾತನ್ನು ಖರೆ ಎಂದು ನಂಬಿದ್ದರು. ಸಾವಿರದ ಒಂಬೈನೂರ ಇಪ್ಪತ್ತೊಂದನೆಯ ಇಸವಿಯ ದಸರೆಯಲ್ಲಿ ರಾವಸಾಹೇಬರ ವಾಡೆಯಲ್ಲಿ ಅವರ ಉಪನ್ಯಾಸ. ಮೊದಲು ಊಟ. ಹೋಳಿಗೆ, ತುಪ್ಪ, ಮತ್ತೆ ಹೋಳಿಗೆ. ನಾನೂ ಉಂಡೆ. ಉಂಡು ಎದ್ದು ಮಾತಾಡುವಾಗ ಮಾಸ್ತರರು ತುಕ್ಕಾನಟ್ಟಿಯ ಆಚೆಯ ಒಂದು ಹಳ್ಳಿಯ ಕಲ್ಲಿನ ಮಾತು ತೆಗೆದರು. ರಟ್ಟರ ಕಾಲದ ಕಲ್ಲು. ಯಾರೋ ಒಬ್ಬ ಅಧಿಕಾರಿ ಹೊಳೆ ದಂಡೆಯ ಹೊಲವನ್ನು ಗುಡಿಯ ದೀಪಕ್ಕೆ ಬಿಟ್ಟಿದ್ದಾನೆ. ಕೊಟ್ಟವನ ಹೆಸರು ಸವೆದು ಹೋಗಿದೆ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಯಜಮಾನರ ಮುಖ ನೋಡಿದರು. ನೋಡಿ, 'ಕೊಟ್ಟವರು ನಮ್ಮ ಇಂದಿನ ಯಜಮಾನರ ಪೂರ್ವಜರೇ ಇದ್ದರೂ ಇರಬಹುದು' ಎಂದರು. ಚಪ್ಪಾಳೆ. ಹೋಳಿಗೆಯ ಋಣ ಅಲ್ಲಿಗೆ ತೀರಿತು ಎಂದುಕೊಂಡರು. ಮಾತು ಮುಗಿದ ಮೇಲೆ ರಾವಸಾಹೇಬರು ಅವರ ಟಿಪ್ಪಣಿಯ ಚೀಟಿಯನ್ನು ನೆನಪಿಗಿರಲಿ ಎಂದು ಇಸಿದುಕೊಂಡರು. ಎಂಥ ಪ್ರೀತಿ ಎಂದು ನಾವು ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದೆವು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಕಾಣಿಸಿತು.

ಹತ್ತು ವರ್ಷದ ಮೇಲೆ. ಹೆಳವರು ನಿಮಗೆಲ್ಲ ಗೊತ್ತು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಮನೆ ಮುಂದೆ ಬಂದು ನಿಲ್ಲುತ್ತಾರೆ. ನಿಮ್ಮ ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ, ಮೂಲ ಊರು ಯಾವುದು, ಯಾವ ಬರಕ್ಕೆ ಎಲ್ಲಿಂದ ಎದ್ದು ಬಂದಿರಿ — ಎಲ್ಲವನ್ನೂ ತಡೆಯಿಲ್ಲದೆ ಹೇಳಿ, ಕಾಳು ಇಸಿದುಕೊಂಡು ಹೋಗುತ್ತಾರೆ. ಕಲ್ಲು ಹೇಳದ್ದನ್ನು ಹೆಳವರು ಹೇಳುತ್ತಾರೆಂದು ಮಾಸ್ತರರು ಅವರ ಹಿಂದೆ ತಿರುಗಿದರು. ಅಲ್ಲಪ್ಪ ಎಂಬ ಹೆಳವ ರಾವಸಾಹೇಬರ ಮನೆತನದ ಸಾಲು ಹೇಳುತ್ತ ಹೇಳುತ್ತ, 'ರಟ್ಟರ ದೊರಿಯ ಕಾಲದಾಗ ದೀಪಕ್ಕ ಹೊಲ ಬಿಟ್ಟ ಧಣಿ' ಎಂದು ಹಾಡಿಬಿಟ್ಟ.

ಮಾಸ್ತರರು ಓಡುತ್ತ ಬಂದರು ನನ್ನ ಮನೆಗೆ. ಐವತ್ತರ ಹತ್ತಿರದ ಮನುಷ್ಯ, ಓಡುತ್ತ! 'ಪರಪ್ಪ, ನಾ ಅಂದಾಜಲೆ ಅಂದಿದ್ದು ಖರೆ ಆತೋ! ಕಲ್ಲು ಒಂದು ಸಾಕ್ಷಿ, ಹೆಳವ ಒಂದು ಸಾಕ್ಷಿ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಸಾಕ್ಷಿ!' ಆ ವರ್ಷವೇ ಏಳನೆಯ ಅಧ್ಯಾಯ ಬರೆದರು. ಅದನ್ನೊಂದನ್ನೇ ಸಣ್ಣ ಪುಸ್ತಕವಾಗಿ ರಾವಸಾಹೇಬರು ಅಚ್ಚು ಹಾಕಿಸಿದರು. ನಿಮ್ಮೆಲ್ಲರ ಮನೆಯಲ್ಲೂ ಒಂದೊಂದು ಪ್ರತಿ ಇದೆ. ಓದಿದವರು ಕೈ ಎತ್ತಿ. — ಇರಲಿ ಬಿಡಿ.

ನೀವು ಓದಲಿಲ್ಲ, ಆದರೆ ಆ ಪುಸ್ತಕ ಕೆಲಸ ಮಾಡಿತು. ಆ ದೀಪದ ಹೊಲ ಇದೆಯಲ್ಲ, ನಾಲ್ಕು ಕೂರಿಗೆ ಎರೆ ಭೂಮಿ, ಅದನ್ನು ತಲೆಮಾರುಗಳಿಂದ ಉತ್ತು, ಗುಡಿಗೆ ದೀಪ ಹಚ್ಚಿಕೊಂಡು ಬಂದವರು ಹನಮವ್ವನ ಮನೆಯವರು. ಗಂಡ ರಾಜಪ್ಪ ತೀರಿಕೊಂಡ ಮೇಲೆ ಹನಮವ್ವ ಒಬ್ಬಳೇ ಎತ್ತು ಹೂಡಿದಳು, ಒಬ್ಬಳೇ ದೀಪ ಹಚ್ಚಿದಳು. ರಾವಸಾಹೇಬರು ಹೇಳಿದರು — ಹೊಲ ಕೊಟ್ಟವರು ನಮ್ಮ ಹಿರಿಯರು, ಅದನ್ನು ಯಾರು ಉಳಬೇಕೆಂದು ಹೇಳುವ ಹಕ್ಕು ನಮ್ಮದು. ಐದು ಮಂದಿ ಪಂಚರು ಕುಳಿತರು. ಒಬ್ಬರು ಕಾಯಿಲೆ ಎಂದು ಇವತ್ತು ಬಂದಿಲ್ಲ, ಉಳಿದ ನಾಲ್ವರು ಈ ವೇದಿಕೆಯ ಮೇಲೆಯೇ ಇದ್ದೀರಿ. ಹನಮವ್ವ ಏನು ಹೇಳಿದಳು, ನೆನಪಿದೆಯೇ ರಾಚಪ್ಪನವರೇ? ನನಗೆ ನೆನಪಿದೆ.

'ಯಪ್ಪಾ, ಹೊಲ ಯಾರು ಕೊಟ್ರೋ ನಂಗೊತ್ತಿಲ್ಲ. ದೀಪ ಯಾರು ಹಚ್ಯಾರ, ಅದನ್ನ ಕೇಳ್ರಿ.'

ನೀವು ಕೇಳಲಿಲ್ಲ. ವಕೀಲರು ಪುಸ್ತಕ ಎತ್ತಿ ಹಿಡಿದರು. 'ಅಚ್ಚಾಗೇತಿ ನೋಡವ್ವ. ಅಚ್ಚಾದದ್ದು ಸುಳ್ಳಿರತೈತೇನು?' ಎಂದರು. ಹೆಳವನನ್ನು ಕರೆಸಿ ಹಾಡಿಸಿದರು. ಮುಗಿಯಿತು. ಪಂಚರು ವಾಡೆಯಲ್ಲಿ ಉಂಡು ಮನೆಗೆ ಹೋದರು. ಹನಮವ್ವ ಈಗ ಅದೇ ಹೊಲದಲ್ಲಿ ಕೂಲಿಗೆ ಕಸ ಕೀಳುತ್ತಾಳೆ. ಗುಡಿಯ ದೀಪವನ್ನು ಈಗಲೂ ಅವಳೇ ಹಚ್ಚುತ್ತಾಳೆ, ತನ್ನ ಎಣ್ಣೆಯಲ್ಲಿ. ಹಿರಿಯರ ದಾನದ ಬಗ್ಗೆ ಇಷ್ಟು ಕಾಳಜಿ ಇದ್ದ ಧಣಿಗಳಿಗೆ ದೀಪದ ನೆನಪು ಮಾತ್ರ ಬರಲಿಲ್ಲ.

ವಕೀಲರೇ, ಕೂಡ್ರಿ. ಹಿಮಾಲಯದ ಬಗ್ಗೆ ನೀವು ಮಾತಾಡುವಾಗ ನಾನು ಕುಳಿತಿದ್ದೆ.

ಪಂಚರು ತೀರ್ಪು ಕೊಟ್ಟ ವರ್ಷದ ಮರುವರ್ಷ ಅಲ್ಲಪ್ಪ ಮತ್ತೆ ಬಂದ. ಮಾಸ್ತರರು ಇನ್ನೊಂದು ಮನೆತನದ ಸಾಲು ಬರೆದುಕೊಳ್ಳುತ್ತಿದ್ದರು, ಮಾತಿಗೆ ಮಾತು ಬಂತು. 'ನಿಮ್ಮಪ್ಪನೂ ಆ ರಟ್ಟರ ಸಾಲು ಹಿಂಗs ಹಾಡತಿದ್ದನೇನು?' ಎಂದು ಕೇಳಿದರು. ಅಲ್ಲಪ್ಪ ಹಲ್ಲು ಕಿರಿದ.

'ಇಲ್ರಿ ಮಾಸ್ತರ್ರ. ನಮ್ಮಪ್ಪಗ ಆ ಸಾಲು ಗೊತ್ತs ಇರಲಿಲ್ಲ. ಧಣ್ಯಾರ ವಾಡೇದಾಗ ಕಾರಕೂನರು ಚೀಟಿ ಓದಿ ಓದಿ ನಂಗ ಬಾಯಿಪಾಠ ಮಾಡಿಸಿದ್ರು. ಧಣ್ಯಾರ ಮನೆತನದ ಸಾಲಿನಾಗ ಇದು ಬಿಟ್ಟ ಹೋಗೇತಿ, ಸೇರಿಸು ಅಂದ್ರು. ಸೇರಿಸಿದ್ನಿ. ಒಂದ ಆಕಳ ಕರಾ ಕೊಟ್ರು.'

'ಯಾವ ಚೀಟಿ?'

ಅಲ್ಲಪ್ಪನಿಗೆ ಓದು ಬರದು. ಮರೆತರೆ ಯಾರಿಂದಾದರೂ ಓದಿಸಿಕೊಳ್ಳೋಣ ಎಂದು ಆ ಚೀಟಿಯನ್ನು ಎತ್ತಿನ ಗಂಟೆಯ ಜೊತೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದ. ಬಿಚ್ಚಿ ಕೊಟ್ಟ. ಇರುವೆ ಸಾಲಿನಂಥ ಅಕ್ಷರ. ದಸರೆಯ ಉಪನ್ಯಾಸದ ಚೀಟಿ. ಮಾಸ್ತರರ ಸ್ವಂತ ಚೀಟಿ.

ತಿಳಿಯಿತೇ ಸಭಿಕರೇ? ಎರಡನೆಯ ಸಾಕ್ಷಿ ಯಾರೂ ಇರಲಿಲ್ಲ. ಮಾಸ್ತರರು ಹೋಳಿಗೆ ಉಂಡು ಆಡಿದ ಮಾತನ್ನು ಕಾರಕೂನ ಹೆಳವನಿಗೆ ಉಣಿಸಿದ. ಹೆಳವ ಅದನ್ನು ಮಾಸ್ತರರಿಗೇ ತಿರುಗಿ ಬಡಿಸಿದ. ತಮ್ಮ ಎಂಜಲನ್ನೇ ತಾವು ಪ್ರಸಾದವೆಂದು ಕಣ್ಣಿಗೊತ್ತಿಕೊಂಡರು ನಮ್ಮ ಮಾಸ್ತರರು. ಅದನ್ನು ನಂಬಿ ನೀವು ಒಬ್ಬ ಹೆಣ್ಣುಮಗಳ ಹೊಲ ಬಿಡಿಸಿದಿರಿ. ಅಲ್ಲಪ್ಪನನ್ನು ನಾನು ಬೈಯುವುದಿಲ್ಲ, ಕೇಳಿದ ಕೂಡಲೇ ನಿಜ ಹೇಳಿದವನು ಈ ಇಡೀ ಕಥೆಯಲ್ಲಿ ಅವನೊಬ್ಬನೇ.

ಮಾಸ್ತರರು ಚೀಟಿ ಹಿಡಿದು ನೇರ ವಾಡೆಗೆ ಹೋದರು. ನಾನೂ ಹಿಂದೆ ಹೋದೆ. ರಾವಸಾಹೇಬರೇ, ನೀವು ತೂಗುಮಣೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ ಏನು ಹೇಳಿದಿರಿ? ನೀವು ಮರೆತಿರಬಹುದು.

'ಮಾಸ್ತರ್ರ, ನಾ ಏನ್ ಸುಳ್ಳ ಹೇಳೇನ್ರಿ? ನೀವು ಹೇಳಿದ್ರಿ, ಹೆಳವ ಹೇಳಿದ, ಪಂಚರು ಹೇಳಿದ್ರು. ನಾ ಬರೇ ಕೇಳಕೊಂತ ಕುಂತಿದ್ನಿ.' ಆಮೇಲೆ ಒಂದು ಎಲೆ ಮಡಚಿ ಅವರ ಕೈಗೆ ಕೊಟ್ಟು, 'ಪೆನ್ಶನ್ ಹತ್ರ ಬಂದೈತಲ್ರಿ ನಿಮ್ಮದು? ಸಾಲಿ ಕಮಿಟಿಯೊಳಗ ನಾನೂ ಅದೇನಿ, ಕಾಳಜಿ ಮಾಡಬ್ಯಾಡ್ರಿ' ಎಂದಿರಿ.

ಇದಕ್ಕಿಂತ ನಯವಾಗಿ ರಟ್ಟರ ದೊರೆಯೂ ಯಾರನ್ನೂ ಹೆದರಿಸಿರಲಿಕ್ಕಿಲ್ಲ.

ಇಲ್ಲಿಯವರೆಗೆ ನಾನು ನಿಮ್ಮನ್ನು ಬೈದೆ. ಈಗ ನನ್ನ ಸರದಿ. ವಾಡೆಯಿಂದ ಹೊರಗೆ ಬಂದು ಮಾಸ್ತರರು, 'ನಾಳೆಯೇ ಬರೆದು ಅಚ್ಚು ಹಾಕಿಸುತ್ತೇನೆ, ಏಳನೆಯ ಅಧ್ಯಾಯ ಸುಳ್ಳು ಎಂದು ಊರಿಗೆಲ್ಲ ಹಂಚುತ್ತೇನೆ' ಎಂದರು. ನಾನು ಅವರ ಕೈ ಹಿಡಿದೆ. 'ಹಿರ್ಯಾರ, ಅವಸರ ಬ್ಯಾಡ್ರಿ. ಎರಡ ವರ್ಷ. ಪೆನ್ಶನ್ ಆಗಲಿ, ಆಮ್ಯಾಲ ನೋಡೂಣು' ಎಂದೆ. ಅವರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಹೂಂ ಎಂದರು. ನನಗಾಗಿ ಅಂದರೋ, ಕಾಶೆವ್ವ ಅಕ್ಕನವರಿಗಾಗಿ ಅಂದರೋ, ಗೊತ್ತಿಲ್ಲ. ನಾನು ಅದನ್ನು ಜಾಣತನ ಎಂದುಕೊಂಡೆ. ಹೇಡಿತನಕ್ಕೆ ಜಾಣತನ ಎನ್ನುವುದು ಮಾಸ್ತರ ಜಾತಿಯ ಹಳೆಯ ಬಿರುದು, ಮಹಾಮಂಡಳೇಶ್ವರ ಎಂದ ಹಾಗೆ. ಪೆನ್ಶನ್‌ಗೆ ನಾಲ್ಕು ತಿಂಗಳಿದೆ ಎನ್ನುವಾಗ ಜ್ವರ ಬಂತು, ಎಂಟೇ ದಿನ. ಈ ಎರಡು ವರ್ಷದಲ್ಲಿ ಅವರು ಒಂದು ಐತವಾರವೂ ಕಲ್ಲು ನೋಡಲು ಹೋಗಲಿಲ್ಲ. ಹನಮವ್ವನ ಹಳ್ಳಿಯ ಕಡೆಗಂತೂ ಮುಖ ಹಾಕಲಿಲ್ಲ. ಅವರನ್ನು ಜ್ವರ ಕೊಂದಿತು ಎಂದು ನೀವು ನಂಬಬಹುದು. ನನಗೆ ಆ ಸೌಕರ್ಯ ಇಲ್ಲ.

ಈಗ ಇಂದಿನ ಮಾತು. ಅಧ್ಯಕ್ಷರ ಮುಂದೆ ಒಂದು ಠರಾವು ಇದೆ. ಮಾಸ್ತರರ ಸ್ಮಾರಕವಾಗಿ ಅವರ ಇತಿಹಾಸವನ್ನು, ಒಂಬತ್ತೂ ಅಧ್ಯಾಯ, ರಾವಸಾಹೇಬರ ಖರ್ಚಿನಲ್ಲಿ, ರಾವಸಾಹೇಬರ ಭಾವಚಿತ್ರದೊಂದಿಗೆ ಅಚ್ಚು ಹಾಕಿಸುವುದು. 'ಏಳನೆಯ ಅಧ್ಯಾಯವನ್ನು ವಿಶೇಷವಾಗಿ ಮೊದಲಿಗೆ ತರುವುದು' ಎಂದೂ ಅದರಲ್ಲಿದೆ. ಸತ್ತವನು ಬಂದು ಅಲ್ಲ ಎನ್ನಲಾರ ಎಂಬ ಧೈರ್ಯ. ಪ್ರತಿ ನನ್ನ ಬಳಿ ಇದೆ ಎಂದು ನಿನ್ನೆ ಕಾರಕೂನನನ್ನು ಕಳಿಸಿದ್ದಿರಿ. ಇಗೋ, ಈ ಚೀಲದಲ್ಲಿದೆ.

ಆದರೆ ಇದರ ಜೊತೆ ಇನ್ನೊಂದು ಹಾಳೆಯೂ ಇದೆ. ಜ್ವರದ ಮೂರನೆಯ ದಿನ ಮಾಸ್ತರರು ಬರೆದದ್ದು. ಮಣ್ಣು ಮಾಡಿದ ಮರುದಿನ ಕಾಶೆವ್ವ ಅಕ್ಕನವರು ನನ್ನ ಮನೆಗೆ ಬಂದು ಕೊಟ್ಟರು. 'ಪರಪ್ಪಣ್ಣಾ, ಇದಕ್ಕ ನಿನ್ನ ಅಕ್ಷರ ಬೇಕಾಗಿಲ್ಲ. ಅವರ ಅಕ್ಷರದಾಗs ಇರಲಿ' ಎಂದರು. ಅಕ್ಕಾ, ಓದಲೇ? — ಅಕ್ಕ ಹೂಂ ಎನ್ನುತ್ತಿದ್ದಾರೆ. ಓದುತ್ತೇನೆ.

'ತುಕ್ಕಾನಟ್ಟಿಯ ಆಚೆಯ ಕಲ್ಲಿನಲ್ಲಿ ದೀಪದ ಹೊಲ ಕೊಟ್ಟವನ ಹೆಸರು ಸವೆದಿದೆ. ನನಗೆ ಅದು ಓದಲು ಬಂದಿಲ್ಲ. ಇನಾಮದಾರರ ಹಿರಿಯರ ಹೆಸರು ಎಂದು ನಾನು ಬರೆದದ್ದಕ್ಕೆ ಆಧಾರ ನನ್ನದೇ ಒಂದು ಉಪಚಾರದ ಮಾತು. ಕೊಟ್ಟವನು ಯಾರೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಕಲ್ಲಿನ ಕೆಳಗಿನ ಸಾಲುಗಳು ಸವೆದಿಲ್ಲ. ಅಲ್ಲಿ ಹೊಲವನ್ನು ದೀಪ ಹಚ್ಚುವವರು ಉಂಡು ಬಾಳಲಿ ಎಂದು ಸ್ಪಷ್ಟವಾಗಿದೆ. ಆ ಸಾಲನ್ನು ನಾನು ಏಳನೆಯ ಅಧ್ಯಾಯದಲ್ಲಿ ಬಿಟ್ಟಿದ್ದೆ. ಕೊಟ್ಟವನ ಹೆಸರು ಸಿಕ್ಕಿತೆಂಬ ಹಿಗ್ಗಿನಲ್ಲಿ ಅದು ಸಣ್ಣದಾಗಿ ಕಂಡಿತ್ತು. ಈ ತಪ್ಪು ನನ್ನದು.'

ಕೆಳಗೆ ಸಹಿ. ಇಷ್ಟೇ.

ಸಾವಿರ ವರ್ಷ ಈ ಹೊಳೆಸಾಲನ್ನು ಆಳಿದವರಲ್ಲಿ ಒಬ್ಬನಾದರೂ 'ನನಗೆ ಗೊತ್ತಿಲ್ಲ, ತಪ್ಪು ನನ್ನದು' ಎಂದು ಕಲ್ಲಿನಲ್ಲಿ ಕೊರೆಸಿದ್ದರೆ ತೋರಿಸಿ. ನಾನು ಕೆಲಸ ಬಿಡುತ್ತೇನೆ. ಹೇಗೂ ಈ ಭಾಷಣದ ಮೇಲೆ ಬಿಡಬೇಕಾಗಬಹುದು, ಸಾಲೆ ಕಮಿಟಿಯವರು ಇಲ್ಲಿಯೇ ಇದ್ದಾರೆ.

ಪುಸ್ತಕ ಕಾಶೆವ್ವ ಅಕ್ಕನವರದು. ಅವರ ಮಾತು ಹೇಳುತ್ತೇನೆ. ಅಚ್ಚಾದರೆ ಏಳನೆಯ ಅಧ್ಯಾಯದ ಜಾಗದಲ್ಲಿ ಈ ಹಾಳೆ ಬರಬೇಕು. ಇಲ್ಲವಾದರೆ ಅಚ್ಚು ಬೇಡ, ಪ್ರತಿ ಅವರ ಮನೆಯ ಗಲಗಿನಲ್ಲಿ ಇರಲಿ, ಜೋಳದ ಜೊತೆ. ಪಂಚರೇ, ನಿಮ್ಮ ಸಾಕ್ಷಿ ಬಿದ್ದುಹೋಯಿತು. ನೀವು ಕೊಟ್ಟ ತೀರ್ಪನ್ನು ನೀವೇ ತಿರುಗಿ ತೆಗೆದುಕೊಳ್ಳಬೇಕು. ಇವತ್ತು, ಈ ಸಭೆ ಏಳುವುದರೊಳಗೆ. ನಾಳೆ ಎಂದಿರೋ, ನನಗೆ ಆ ಮಾತಿನ ಬೆಲೆ ಗೊತ್ತಿದೆ, ನಾನೇ ಅದನ್ನು ಒಮ್ಮೆ ಆಡಿದ್ದೇನೆ.

ಇನ್ನು ಪದ್ಧತಿಯಂತೆ ಮಾಸ್ತರರ ನೆನಪಿಗೆ ಎರಡು ನಿಮಿಷದ ಮೌನ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ರಾಚಪ್ಪನವರೇ, ಏಳಿ, ಶಲ್ಯ ಹಾಗೇ ಇರಲಿ. ವಕೀಲರೇ, ನೀವು ಆಗಲೇ ಎದ್ದಿದ್ದೀರಿ, ಬಾಗಿಲ ಕಡೆಗೆ ಬೇಡ, ಇತ್ತ ಮುಖ ಮಾಡಿ. ಅಧ್ಯಕ್ಷರೇ, ನೀವೂ. — ಹಾಂ. ಶರಣು.

ಬಾಗಿಲ ಹತ್ತಿರ ಇದ್ದವರು ಸ್ವಲ್ಪ ದಾರಿ ಬಿಡಿ.

ಹನಮವ್ವಾರ, ನೀವು ನಿಲ್ಲಬ್ಯಾಡ್ರಿ. ಬಂದಾಗಿಂದ ಅಲ್ಲೇ ನಿಂತೀರಿ, ಯಾರೂ ಕೂಡ್ರಿ ಅಂದಿಲ್ಲ. ಮುಂದ ಬರ್ರಿ. ರಾವಸಾಹೇಬರ ಕುರ್ಚಿ ಖಾಲಿ ಐತಿ. ಅಂಜಬ್ಯಾಡ್ರಿ, ಕೂಡ್ರಿ.

ನಾವು ನಿಲ್ತೇವಿ.